ಪೌತಿ ಲಕ್ಷಣ ದೀಪಿಕೆ

ಶಾಸ್ತ್ರ ಬರೆಯುವವನು ಮೊದಲು ಪದದ ಮೂಲ ಹೇಳಬೇಕಂತೆ. ಅರಬ್ಬಿಯಲ್ಲಿ ಫೌತ್ ಎಂದರೆ ಸಾವು. ಆ ಪದ ಫಾರಸಿ ದಫ್ತರಗಳನ್ನು ಹಾದು ನಮ್ಮ ಚಾವಡಿಗೆ ಬಂದು, ಬಾಯಿಗೆ ಮೆತ್ತಗಾಗಿ, ಪೌತಿ ಆಯಿತು. ಸತ್ತವರ ಹೆಸರಿನಲ್ಲಿರುವ ಜಮೀನನ್ನು ಬದುಕಿರುವವರ ಹೆಸರಿಗೆ ತರುವ ವಿದ್ಯೆಗೆ ಪೌತಿ ಖಾತೆ ಎಂದು ಹೆಸರು. ಪಟ್ಟಣದ ಓದುಗರು ಇದನ್ನು ಪ್ರೊಬೇಟ್ ಎಂದು ತಿಳಿಯಬಾರದು. ಪ್ರೊಬೇಟ್ ಉಯಿಲಿಗೆ ಕೋರ್ಟು ಒತ್ತುವ ಮುದ್ರೆ. ನಮ್ಮ ಕಡೆ ಹಿಂದೂಗಳ ಉಯಿಲಿಗೆ ಅದು ಕಡ್ಡಾಯವೂ ಅಲ್ಲ. ಅಲ್ಲದೆ ನಮ್ಮ ತಾಲ್ಲೂಕಿನಲ್ಲಿ ಉಯಿಲು ಬರೆಯುವವರೇ ಅಪರೂಪ. ಬರೆದರೆ ಯಮನಿಗೆ ವಿಳಾಸ ಕೊಟ್ಟಂತೆ ಎಂದು ಹಿರಿಯರ ಅಂಬೋಣ.

ಇನ್ನು ಮೃತರ ಭೇದ. ವೈದ್ಯರ ಪ್ರಕಾರ ಉಸಿರು ನಿಂತವನು ಸತ್ತವನು. ಕಂದಾಯಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಪಹಣಿಯ 9ನೇ ಕಲಮಿನಲ್ಲಿ ಹೆಸರು ಇರುವತನಕ ಆಸಾಮಿ ಇದ್ದಾನೆ. 1964ರ ಭೂಕಂದಾಯ ಕಾಯ್ದೆಯ 128ನೇ ಕಲಮು, ಹಕ್ಕು ಬಂದ 3 ತಿಂಗಳೊಳಗೆ ವರದಿ ಮಾಡಿ ಎನ್ನುತ್ತದೆ. ನಮ್ಮೂರು ಅದನ್ನು ಮೂರು ತಲೆಮಾರು ಎಂದು ಓದಿಕೊಂಡಿದೆ. ಹೀಗಾಗಿ ಕರ್ನಾಟಕದ ಹೊಲಗಳನ್ನು ಸತ್ತವರೇ ಎಷ್ಟು ಆಳುತ್ತಿದ್ದಾರೆಂದರೆ, ಅವರನ್ನು ಕೆಳಗಿಳಿಸಲು ಸರ್ಕಾರ ಇ-ಪೌತಿ ಎಂಬ ಆಂದೋಲನವನ್ನೇ ಹೂಡಬೇಕಾಯಿತು.

ಮೃತರಲ್ಲಿ ಮೊದಲನೆಯವರು ಸದ್ಯೋಮೃತರು. ಸತ್ತ 21 ದಿನದೊಳಗೆ ನೋಂದಾಯಿತರಾಗಿ, ಮರಣ ಪತ್ರ ಪಡೆದು, ಮಕ್ಕಳಿಗೆ ತೊಂದರೆ ಕೊಡದೆ ಹೋದವರು. ಪುಣ್ಯಾತ್ಮರು, ಶಾಸ್ತ್ರಕ್ಕೆ ನಿಷ್ಪ್ರಯೋಜಕರು. ಎರಡನೆಯವರು ಚಿರಮೃತರು. ಸಾವುಗಳನ್ನು ಬರೆಸುವ ಕಾಯ್ದೆ 1969ರಲ್ಲೇ ಬಂದಿದ್ದರೂ ಹಳ್ಳಿಯಲ್ಲಿ ಅಂದು ಯಾರು ಬರೆಸಿದರು? ತಿಥಿ ಗೊತ್ತು, ತಾರೀಖು ಗೊತ್ತಿಲ್ಲ. ಮಹಾಲಯ ಅಮಾವಾಸ್ಯೆಗೆ ವರ್ಷವರ್ಷವೂ ಎಡೆ ಇಟ್ಟದ್ದಕ್ಕೆ ಸಾಕ್ಷಿ ಉಂಟು, ಸತ್ತದ್ದಕ್ಕೆ ಇಲ್ಲ. ವರ್ಷ ಕಳೆದ ಸಾವನ್ನು ಬರೆಸಬೇಕಾದರೆ ಮೇಲಿನವರ ಆದೇಶ ಬೇಕು. ಅಫಿಡವಿಟ್ಟು, ಸಾಕ್ಷಿ, ವಕೀಲರು ಎಲ್ಲ ಸೇರಿ ಅಜ್ಜನನ್ನು ಇನ್ನೊಮ್ಮೆ ಸಾಯಿಸಬೇಕು.

ಮೂರನೆಯವರು ನಾಮಾಂತರಿಗಳು. ಪಹಣಿಯಲ್ಲಿ ರಂಗಪ್ಪ, ಆಧಾರಿನಲ್ಲಿ ರಂಗೇಗೌಡ, ಮರಣ ಪತ್ರದಲ್ಲಿ ದೊಡ್ಡರಂಗಯ್ಯ. ಮೂವರೂ ಒಬ್ಬರೇ ಎಂದು ಪ್ರಮಾಣ ಮಾಡಬೇಕು. ಅದ್ವೈತ ಸಿದ್ಧಾಂತಕ್ಕೆ ಛಾಪಾ ಕಾಗದದ ಮೇಲೆ ನೋಟರಿ ಸೀಲು ಬೀಳುವುದು ಇಲ್ಲಿ ಮಾತ್ರ. ನಾಲ್ಕನೆಯವರು ಪರಂಪರಾಮೃತರು: ಅಜ್ಜನ ಖಾತೆ ಆಗುವ ಮೊದಲೇ ಅಪ್ಪ, ಅಪ್ಪನದು ಆಗುವ ಮೊದಲೇ ಅಣ್ಣ. ನಮ್ಮ ಅಜ್ಜ ಈ ನಾಲ್ಕರಲ್ಲಿ ಕೊನೆಯ ಮೂರೂ ಹೌದು. 1979ರಲ್ಲಿ ತೀರಿಕೊಂಡರು. ಸ್ವಂತ ದುಡ್ಡಿನಲ್ಲಿ ಕೊಂಡ 2 ಎಕರೆ 20 ಗುಂಟೆಯನ್ನು ಮೊನ್ನೆ ಮೊನ್ನೆಯವರೆಗೂ ತಾವೇ ಇಟ್ಟುಕೊಂಡಿದ್ದರು.

ಪೂರ್ವಪಕ್ಷ: ಇಷ್ಟು ವರ್ಷ ಖಾತೆ ಆಗದಿರಲು ಕಚೇರಿಯೇ ಕಾರಣ. ಊರಿನ ಅರಳಿಕಟ್ಟೆಯ ಪಂಡಿತರೆಲ್ಲ ಈ ಪಕ್ಷ. ಅದರಲ್ಲಿ ಸತ್ಯವೂ ಇದೆ; ಸರ್ವರ್ ಡೌನ್ ಎಂಬ ಮಹಾವಾಕ್ಯವನ್ನು ನಾನೇ ಒಂದೇ ವಾರದಲ್ಲಿ ನಾಲ್ಕು ಸಲ ಕೇಳಿದ್ದೇನೆ. ಆದರೂ ಸಿದ್ಧಾಂತ ಬೇರೆ. ಖಾತೆ ಆಗಬೇಕಾದರೆ ವಂಶವೃಕ್ಷ ಬೇಕು, ವಂಶವೃಕ್ಷ ಬರೆಸಬೇಕಾದರೆ ಅಕ್ಕತಂಗಿಯರ ಹೆಸರು ಹೇಳಬೇಕು. ಆ ಒಂದು ಮಾತನ್ನು ಬಾಯಿಬಿಟ್ಟು ಹೇಳಲಾಗದೆ ಅಣ್ಣತಮ್ಮಂದಿರು ನಲವತ್ತು ವರ್ಷ ಸತ್ತವರ ಹೆಸರಿನಲ್ಲೇ ಉತ್ತು ಬಿತ್ತಿದರು. ಕಂದಾಯ ರಶೀದಿ ಅಜ್ಜನ ಹೆಸರಿಗೆ ಬರುತ್ತಿತ್ತು, ಯಾರಿಗೂ ಬೇಸರವಿರಲಿಲ್ಲ.

ವಂಶವೃಕ್ಷದ ಸಸ್ಯಶಾಸ್ತ್ರವನ್ನು ಸ್ವಲ್ಪ ವಿಸ್ತರಿಸಬೇಕು. ಇದು ತಲೆಕೆಳಗಾದ ಮರ, ಬೇರು ಮೇಲೆ. ನಮ್ಮ ಸೀಮೆಯಲ್ಲಿ ಹೆಚ್ಚಾಗಿ ಬೆಳೆಯುವುದು ಸವರಿದ ಜಾತಿ: ಹೆಣ್ಣು ಕೊಂಬೆಗಳನ್ನು ಬುಡದಲ್ಲೇ ಸವರಿರುತ್ತಾರೆ. ಕೇಳಿದರೆ, ‘ಅವರಿಗೆಲ್ಲ ಮದುವೇಲೇ ಕೊಟ್ಟಾಗಿದೆ ಸ್ವಾಮಿ’ ಎನ್ನುತ್ತಾರೆ. ಇನ್ನೊಂದು ಜೋಡಿಕಾಂಡದ ಜಾತಿ. ಎರಡನೇ ಮನೆಯ ಮಕ್ಕಳನ್ನು ಮರದಿಂದ ದೂರ ನೆಟ್ಟಿರುತ್ತಾರೆ. ಅಸಿಂಧು ಮದುವೆಯ ಮಕ್ಕಳಿಗೂ ತಂದೆಯ ಪಾಲಿನಲ್ಲಿ ಪಾಲುಂಟೆಂದು 2023ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆ ಪ್ರಕರಣ ಹೋದದ್ದೂ ನಮ್ಮ ರಾಜ್ಯದಿಂದಲೇ.

ಹೆಣ್ಣುಮಕ್ಕಳ ವಿಷಯದಲ್ಲಿ ಕಾಯ್ದೆಗೆ ಅನುಮಾನವಿಲ್ಲ. ಉಯಿಲು ಬರೆಯದೆ ಸತ್ತ ಹಿಂದೂ ಗಂಡಸಿನ ಸ್ವಯಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಪಾಲು, ಅದೂ 1956ರಿಂದ. ಪಿತ್ರಾರ್ಜಿತಕ್ಕೆ ಕರ್ನಾಟಕ 1994ರಲ್ಲಿ ತಿದ್ದುಪಡಿ ತಂದಿತು, ಆದರೆ ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರದ ತಿದ್ದುಪಡಿ ಆ ಬೇಲಿ ಕಿತ್ತಿತು. ಅಂದಿಗೆ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಬಿಡಿಸಿ ಹೇಳಿತು. ಇಷ್ಟೆಲ್ಲ ಗೊತ್ತಾದ ಮೇಲೆ ಅಣ್ಣಂದಿರಲ್ಲಿ ಹೊಸದೊಂದು ಪ್ರಭೇದ ಕಾಣಿಸಿಕೊಂಡಿತು. ಇವರು ಹಕ್ಕು ಬಿಡುಗಡೆ ಪತ್ರದ ಕಾಲಕ್ಕೆ ಸರಿಯಾಗಿ ತಂಗಿಯ ಊರಿನ ಬಸ್ಸು ಹತ್ತುತ್ತಾರೆ. ಕೈಯಲ್ಲಿ ಗೌರಿ ಹಬ್ಬದ ಬಾಗಿನ, ಜೋಡಿ ಬಾಳೆಗೊನೆ, ಸೀರೆ. ಸೀರೆಯ ಅಂಚಿನ ಅಗಲ ಜಮೀನಿನ ವಿಸ್ತೀರ್ಣಕ್ಕೆ ತಕ್ಕಂತೆ ಇರುತ್ತದೆಂಬುದು ನನ್ನ ಸ್ವತಂತ್ರ ಸಂಶೋಧನೆ.

ಪ್ರೇರಕಗಳನ್ನು ಬೇಗ ಮುಗಿಸುತ್ತೇನೆ. ಬೆಳೆಸಾಲ, ಬೆಳೆಪರಿಹಾರ, ಪಿಎಂ ಕಿಸಾನಿನ ವರ್ಷದ 6,000 ರೂಪಾಯಿ: ಇವಕ್ಕೆಲ್ಲ ಪಹಣಿಯಲ್ಲಿ ಬದುಕಿರುವ ಹೆಸರು ಬೇಕು. ಇವೆಲ್ಲಕ್ಕಿಂತ ಬಲವಾದದ್ದು ಹೆದ್ದಾರಿ. ರಸ್ತೆಗೆ ಕಲ್ಲು ನೆಟ್ಟ ಮರುವಾರ, ಮೂವತ್ತು ವರ್ಷ ಮಾತುಬಿಟ್ಟ ದಾಯಾದಿಗಳು ಒಂದೇ ಆಟೋದಲ್ಲಿ ನಾಡಕಚೇರಿಗೆ ಬರುವುದನ್ನು ಕಂಡಿದ್ದೇನೆ. ನಮ್ಮದಕ್ಕೆ ಹೆದ್ದಾರಿ ಇಲ್ಲ. ದೊಡ್ಡಪ್ಪನಿಗೆ ಬೆಳೆಪರಿಹಾರ ಬರಲಿಲ್ಲ, ಅಷ್ಟೆ.

ಕಚೇರಿಯ ಪ್ರಾಣಿವರ್ಗಕ್ಕೆ ಬೇರೆ ಗ್ರಂಥವೇ ಬೇಕು. ಒಬ್ಬರನ್ನು ಮಾತ್ರ ಹೇಳುತ್ತೇನೆ. ವಂಶಪಾರಂಪರ್ಯ ಶಾನುಭೋಗಿಕೆ 1963ರಲ್ಲೇ ರದ್ದಾಯಿತು. ಆ ಜಾಗಕ್ಕೆ ಬಂದ ಗ್ರಾಮ ಲೆಕ್ಕಿಗರು ಈಗ ಗ್ರಾಮ ಆಡಳಿತ ಅಧಿಕಾರಿ. ದೊಡ್ಡಪ್ಪ ಇನ್ನೂ ‘ಶಾನುಭೋಗರೇ’ ಎಂದೇ ಕರೆಯುವುದು. ಕೂಗಿಸಿಕೊಂಡಾಕೆ ಇಪ್ಪತ್ತಾರರ ಹುಡುಗಿ. ಮರದಲ್ಲಿ ಎರಡೇ ಕೊಂಬೆ ನೋಡಿ, ‘ಅಜ್ಜಾ, ನಿಮಗೆ ಅಕ್ಕತಂಗೀರು ಇಲ್ವಾ?’ ಎಂದಳು. ದೊಡ್ಡಪ್ಪ ಗೋಡೆಯ ಮೇಲಿನ ಕ್ಯಾಲೆಂಡರು ನೋಡಿದರು. ನಾನು ಮೂರು ಎಂದೆ. ಮರದಲ್ಲಿ ಐದು ಕೊಂಬೆ ಒಡೆಯಿತು. 100 ಗುಂಟೆಗೆ ಐದು, ತಲಾ 20.

ದೊಡ್ಡತ್ತೆಯ ಊರಿಗೆ ಬಿಡುಗಡೆ ಪತ್ರದ ಮಾತು ತೆಗೆಯಲು ಹೋದವನು ನಾನೇ. ಬಾಗಿನ ಇರಲಿಲ್ಲ, ಎರಡು ಕೇಜಿ ಮೂಸಂಬಿ ಇತ್ತು. ಅತ್ತೆ ಪೂರ್ತಿ ಕೇಳಿದರು. ಆಮೇಲೆ, ‘ಭೂಮಿ ನೀವೇ ಉಣ್ಣಿ. ರುಜು ಮಾತ್ರ ಕೇಳಬೇಡ ಕಣಪ್ಪ. ನಮ್ಮಪ್ಪನ ಹೆಸರಿನ ಜೊತೆ ನನ್ನ ಹೆಸರು ಎಲ್ಲೂ ಇಲ್ಲ. ಸ್ಕೂಲಿಗೆ ಹೋಗಲಿಲ್ಲ, ರೇಷನ್ ಕಾರ್ಡು ಇವರ ಹೆಸರಿಂದು. ಒಂದು ಕಾಗದದಲ್ಲಾದರೂ ಇರಲಿ’ ಎಂದರು. ಇಂಥ ವಾರಸುದಾರರಿಗೆ ನನ್ನ ವರ್ಗೀಕರಣದಲ್ಲಿ ಜಾಗವಿರಲಿಲ್ಲ.

ಮನೆಯಲ್ಲಿ ದೊಡ್ಡಪ್ಪ ಎರಡು ದಿನ ಸಿಟ್ಟಾಗಿದ್ದರು. ಮೂರನೇ ದಿನ, ‘ಅಕ್ಕ ಹೇಳಿದ ಮೇಲೆ ಮುಗೀತು’ ಎಂದರು. ನೋಟಿಸು ಚಾವಡಿಯ ಗೋಡೆಗೆ ಅಂಟಿತು, ತಕರಾರು ಬರಲಿಲ್ಲ, ಮ್ಯುಟೇಶನ್ ಆಯಿತು. ಪಹಣಿ ಹಕ್ಕಿನ ಪತ್ರವಲ್ಲ, ಬರೀ ಊಹೆಗೆ ಆಧಾರ ಎಂದು ಕೋರ್ಟುಗಳು ಹೇಳುತ್ತಲೇ ಬಂದಿವೆ. ಆ ಊಹೆಯಲ್ಲಿ ಈಗ ನಮ್ಮವರು ಹತ್ತು ಜನ. ದೊಡ್ಡಪ್ಪ ಕನ್ನಡಕ ಹಾಕಿ ಎಣಿಸಿ, ‘ಅಪ್ಪ ಒಬ್ಬನೇ ಇದ್ದಾಗ ಓದೋಕೆ ಸಲೀಸಾಗಿತ್ತು’ ಎಂದರು.

ಪಹಣಿಯ ವ್ಯಾಕರಣದಲ್ಲಿ ಸಂಬಂಧ ಸೂಚಿಸುವ ಪ್ರತ್ಯಯ ಎರಡು. ಗಂಡಸಿಗೆ ಬಿನ್, ಅಂದರೆ ಇಂಥವರ ಮಗ. ಹೆಂಗಸಿಗೆ ಕೋಂ, ಅಂದರೆ ಇಂಥವರ ಹೆಂಡತಿ. ಪ್ರಿಂಟು ತೆಗೆದುಕೊಂಡು ಅತ್ತೆಯ ಮನೆಗೆ ಹೋದೆ. ಮೊಮ್ಮಗಳು ಓದಿ ಹೇಳಿದಳು: ಅತ್ತೆಯ ಹೆಸರು, ಕೋಂ, ಮಾವನ ಹೆಸರು.

ತಿದ್ದುಪಡಿಗೆ ಬೇರೆ ಅರ್ಜಿ, ಬೇರೆ ಸರದಿ. ಹಾಕಿದ್ದೇವೆ. ಅತ್ತೆಗೆ ಈಗ 81.