ಮ್ಯಾಲೊಂದ ಕಾಕಾ

ನಮ್ಮ ಸೀಮೆಯಲ್ಲಿ ಊರಿಗೊಬ್ಬ ಮ್ಯಾಲೊಂದ ಕಾಕಾ ಇದ್ದೇ ಇರುತ್ತಾರೆ. ಆಧಾರ ಕಾರ್ಡಿನಲ್ಲಿ ಬೇರೆ ಹೆಸರಿರುತ್ತದೆ, ಆದರೆ ಅದು ಪೋಸ್ಟಿನವನಿಗೆ ಮತ್ತು ಸೊಸೈಟಿ ಸೆಕ್ರೆಟರಿಗೆ ಬಿಟ್ಟರೆ ಯಾರಿಗೂ ಬೇಕಾಗುವುದಿಲ್ಲ. ಡಜನ್ ಬಾಳೆಹಣ್ಣಿಗೆ ಮ್ಯಾಲೊಂದು. ಕಾಲು ಕಿಲೋ ಹಸಿಮೆಣಸಿನಕಾಯಿಗೆ ಮ್ಯಾಲೆ ಎರಡೆಸಳು ಕೊತ್ತಂಬರಿ. ಚಾದಂಗಡಿಯಲ್ಲಿ ಅರ್ಧ ಚಾ ಹೇಳಿ, ಕುಡಿದಾದ ಮೇಲೆ ಬಸಿ ಚಾಚಿ, 'ಹಂಗs ಒಂದೀಟು'.

ಇವರನ್ನು ಜಿಪುಣರೆಂದು ತಿಳಿದವರು ಜಿಪುಣರನ್ನು ನೋಡಿಲ್ಲ. ಜಿಪುಣ ಕೊಳ್ಳುವುದೇ ಇಲ್ಲ. ಕಾಕಾ ಕೊಳ್ಳುತ್ತಾರೆ, ಹೇಳಿದ ಬೆಲೆಯನ್ನೇ ಕೊಡುತ್ತಾರೆ, ಉದ್ರಿ ಇಡುವುದಿಲ್ಲ. ಎರಡು ರೂಪಾಯಿ ಬಿಡು ಅಂತ ಗೋಗರೆಯುವುದು ಅವರ ಪ್ರಕಾರ ಬೇಡುವ ಕೆಲಸ. ಕೊಸರು ಕೇಳುವುದು ಮಾತ್ರ ಹಕ್ಕು. ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಅವ್ವಂದಿರು ಕಾಕಾನ ಟೊಪಿಗೆ ದೂರದಿಂದ ಕಂಡ ಕೂಡಲೆ ಚಲೋ ಬದನೆಕಾಯಿಗಳನ್ನು ಚೀಲದ ಕೆಳಗೆ ಸರಿಸುತ್ತಾರೆ. ಕಾಕು ಅಂತೂ ಅವರ ಜೋಡಿ ಸಂತೆಗೆ ಹೋಗುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು. ಹೋದರೂ ನಾಲ್ಕು ಮಾರು ಹಿಂದೆ, ಗುರುತಿಲ್ಲದವರ ಹಾಗೆ ನಡೆಯುತ್ತಾರೆ.

ಅಂತೂರ ಬೆಂತೂರ ಊರಿನ ಕಾಕಾನ ವಿಶೇಷವೆಂದರೆ ಅವರು ಕೊಸರನ್ನು ಎರೆಹುಳದ ಮಟ್ಟಕ್ಕೆ ಒಯ್ದವರು. ಮಗಳನ್ನು ಮುಂಡರಗಿ ಆಚೆ ಕೊರ್ಲಹಳ್ಳಿ ಕಡೆ, ತುಂಗಭದ್ರೆಯ ದಂಡೆಯ ಊರಿಗೆ ಕೊಟ್ಟಿದ್ದಾರೆ. ಎರಿ ಹೊಲದಲ್ಲಿ ಮಳೆಗಾಗಿ ಮುಗಿಲು ನೋಡುತ್ತ ಅರವತ್ತು ದಾಟಿಸಿದ ಮನುಷ್ಯನಿಗೆ ಬೀಗರೂರಲ್ಲಿ ಅಷ್ಟು ನೀರು ಕಂಡದ್ದೇ ಗಾಳದ ಹುಚ್ಚು ಹತ್ತಿತು. ಅಳಿಯ ಒಂದು ಕೋಲು, ದಾರ, ನಾಲ್ಕು ಕೊಕ್ಕೆ ಕೊಡಿಸಿದ. ಹುಳ ಮಾತ್ರ ಕಾಕಾ ಊರಿಂದಲೇ ಒಯ್ಯುತ್ತಾರೆ, ಬಸ್ಸಿನಲ್ಲಿ, ಹಳೆಯ ಬೇಬಿ ಪೌಡರ್ ಡಬ್ಬಿಯಲ್ಲಿ ಹಸಿ ಮಣ್ಣು ತುಂಬಿ. ಯಾಕೆಂದರೆ ಹೊಳಿದಂಡಿ ಹುಡುಗರು ಭಾರಿ ಶ್ಯಾಣ್ಯಾರು. ದಿನಾ ಗಿರಾಕಿ ಇದ್ದಲ್ಲಿ ಕೊಸರು ಹುಟ್ಟುವುದಿಲ್ಲ.

ಊರಲ್ಲಿ ಹುಳ ಅಗೆಯುವವರು ಇಬ್ಬರು ಹುಡುಗರು. ಒಬ್ಬ ಏಳನೇ ಇಯತ್ತೆ, ಇನ್ನೊಬ್ಬ ಐದನೇ ಇಯತ್ತೆ. ಬ್ಯಾಸಗಿಯಲ್ಲಿ ಎರಿ ಭೂಮಿ ಅಂಗೈ ಹೋಗುವಷ್ಟು ಬಿರಿದಾಗ ಹುಳಗಳು ತಂಪು ಹುಡುಕಿ ಕೆಳಗಿಳಿದಿರುತ್ತವೆ. ಆಗ ಬಚ್ಚಲ ನೀರು ಹರಿಯುವ ಜಾಗ, ತಿಪ್ಪೆಯ ಅಂಚು, ಬಾಳೆ ಬುಡ ಇಷ್ಟೇ ಗತಿ. ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದ ಮರುದಿನ ಅವೇ ಹಾದಿ ಮೇಲೆ ಬಂದು ಬಿದ್ದಿರುತ್ತವೆ. ಆದರೂ ಬೆಲೆ ಎಲ್ಲಾ ಕಾಲಕ್ಕೂ ಒಂದೇ: ಹತ್ತು ರೂಪಾಯಿಗೆ ಇಪ್ಪತ್ತು. ವ್ಯಾಪಾರ ತೆಂಗಿನ ಪರಟೆಯಲ್ಲಿ.

"ಎಣಸೋ ತಮ್ಮಾ."

ಹುಡುಗ ರೈತರ ಮನೆಯವನು. ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಅಳತೆಗೆ ಒಂದು ಅನ್ನದೆ ಲಾಭ ಅನ್ನುವುದನ್ನು ಅಜ್ಜನಿಂದ ಕೇಳಿದವನು. ಹಾಗೇ ಶುರು ಮಾಡಿದ. "ಲಾಭ, ಎರಡು, ಮೂರು..."

"ನಿಂದ್ರು, ನಿಂದ್ರು. ಲಾಭ ಅಂದ್ರ ಎಷ್ಟು?"

"ಒಂದ್ರೀ ಕಾಕಾ."

"ಯಾರು ಹೇಳ್ಯಾರ? ಲಾಭ ಅಂದ್ರ ಲಾಭ. ಅದು ದೇವರ ಹೆಸರಿಲೆ ಬಿಟ್ಟದ್ದು, ಎಣಿಕಿಗೆ ಬರಂಗಿಲ್ಲ. ಈಗ ಒಂದರಿಂದ ಎಣಸು."

ಹೀಗೆ ಇಪ್ಪತ್ತಕ್ಕೆ ಇಪ್ಪತ್ತೊಂದಾಯಿತು. ಆಮೇಲೆ ಕಾಕಾ ಏನೂ ಆಗದವರಂತೆ ಕೇಳಿದರು, "ಆತು, ಮ್ಯಾಲೊಂದು?"

ಇಷ್ಟಕ್ಕೆ ಮುಗಿಯಲಿಲ್ಲ. ಈಗ ತಪಾಸಣೆ. ಕಡ್ಡಿಯಿಂದ ಒಂದೊಂದನ್ನೇ ಮುಟ್ಟಿ ನೋಡಿ, ಹೊರಳದಿದ್ದರೆ ಅದು ಲೆಕ್ಕದಿಂದ ಹೊರಗೆ. ತುಂಡು ಹುಳ ಸಿಕ್ಕರೆ ದೊಡ್ಡ ತಕರಾರು. ಐದನೇ ಇಯತ್ತೆಯವನಿಗೆ ಸಲಿಕೆ ಹೊಡೆಯುವ ಕೈ ಇನ್ನೂ ಕೂತಿಲ್ಲ, ಅಗೆದಾಗ ನಾಲ್ಕು ಕತ್ತರಿಸುತ್ತಾನೆ. "ಎರಡು ತುಂಡಾದ್ರ ಎರಡು ಹುಳ ಆಗ್ತಾವ್ರೀ" ಅನ್ನುವುದು ಅವನ ವಾದ. ಊರ ತುಂಬ ಇದನ್ನೇ ನಂಬಿದ್ದಾರೆ, ಆದರೆ ನಿಜವಲ್ಲ. ತಲೆಯ ಕಡೆಯ ತುಂಡು ಬದುಕಿಕೊಂಡರೆ ಬಾಲ ಮತ್ತೆ ಬೆಳೆದೀತು. ಬಾಲದ ತುಂಡು ಸಾಮಾನ್ಯವಾಗಿ ಸ್ವಲ್ಪ ಹೊತ್ತು ಒದ್ದಾಡಿ ಸಾಯುತ್ತದೆ. ಕಾಕಾ ವಿಜ್ಞಾನ ಓದಿದವರಲ್ಲ, ಆದರೆ ಕೊಸರಿನ ಆಸೆ ಮನುಷ್ಯನಿಗೆ ಎಂತೆಂಥ ವಿದ್ಯೆ ಕಲಿಸುತ್ತದೆ ನೋಡಿ. ಬಲಿತ ಎರೆಹುಳದ ತಲೆಯ ಕಡೆ ದಪ್ಪನೆಯ ಪಟ್ಟಿಯೊಂದು ಇರುತ್ತದೆ. ಅದನ್ನು ಅವರು ಕಂಡುಕೊಂಡಿದ್ದಾರೆ. ಪಟ್ಟಿ ಇದ್ದರೆ ಪೂರಾ ಹುಳ, ಇಲ್ಲದಿದ್ದರೆ ಬರೇ ಬಾಲ.

"ಅದು ಮರಿ ರೀ ಕಾಕಾ, ಇನ್ನಾ ಪಟ್ಟಿ ಬಂದಿಲ್ಲ."

"ಮರಿ ಆದ್ರ ಅರ್ಧ ಟಿಕೀಟು. ಎರಡು ಮರಿಗೆ ಒಂದು ಹಿಡಿ."

ತೂಕ ಮಾಪನದ ಕಾಯ್ದೆಯನ್ನೂ ಒಮ್ಮೆ ಝಳಪಿಸಿದರು. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ, 2011ರ ಏಪ್ರಿಲ್‌ನಿಂದ ಜಾರಿಯಲ್ಲಿರುವುದು, ತೂಕ ಮತ್ತು ಅಳತೆಗಷ್ಟೇ ಅಲ್ಲ, ಎಣಿಸಿ ಮಾರುವ ಸರಕಿಗೂ ಅನ್ವಯಿಸುತ್ತದೆ. ಇದು ಖರೆ. ಅದನ್ನು ಕಾಕಾ ಎಲ್ಲಿ ಓದಿದ್ದರೋ ಗೊತ್ತಿಲ್ಲ. "ಎಣಿಕಿ ಕಡಿಮಿ ಬಿದ್ರ ಇನ್ಸ್‌ಪೆಕ್ಟರ್ ಬರ್ತಾನ ಮಗನ" ಎಂದರು. ದೊಡ್ಡ ಹುಡುಗ ಕೇಳಿದ, "ಎಣಿಕಿ ಹೆಚ್ಚು ಒಯ್ದವರ ಮನೀಗೆ ಯಾರು ಬರ್ತಾರ್ರೀ?" ಕಾಕಾ ಅದು ಕೇಳಿಸಲಿಲ್ಲವೆಂಬಂತೆ ಡಬ್ಬಿಯ ಮುಚ್ಚಳ ಹಾಕಿದರು.

ಕೆನಡಾದಲ್ಲಿರುವ ಅಣ್ಣನ ಮಗ ಊರಿಗೆ ಬಂದಾಗ ಈ ವ್ಯವಹಾರ ನೋಡಿ ನಕ್ಕು, ಅಲ್ಲಿಯ ಸುದ್ದಿ ಹೇಳಿದ. ಒಂಟಾರಿಯೊದ ಹೊಲಗಳಲ್ಲಿ ಜನ ರಾತ್ರಿ ತಲೆಗೆ ದೀಪ ಕಟ್ಟಿ, ಕಾಲಿಗೆ ಡಬ್ಬಿ ಕಟ್ಟಿ, ಬಗ್ಗಿಕೊಂಡು ಹುಳ ಆರಿಸುತ್ತಾರೆ. ಕೈ ಜಾರದಿರಲಿ ಎಂದು ಒಂದು ಡಬ್ಬಿಯಲ್ಲಿ ಕಟ್ಟಿಗೆಯ ಹೊಟ್ಟು ಇಟ್ಟುಕೊಂಡಿರುತ್ತಾರೆ. ಕೂಲಿ ಸಾವಿರ ಹುಳದ ಲೆಕ್ಕದಲ್ಲಿ. ಆ ಹುಳ ಅಮೆರಿಕದ ಅಂಗಡಿಗಳಿಗೆ ಹೋಗಿ, ಡಜನ್ ಲೆಕ್ಕದಲ್ಲಿ ಮುಚ್ಚಳದ ಡಬ್ಬಿ ಸೇರಿ, ಫ್ರಿಜ್ಜಿನಲ್ಲಿ ಕೂರುತ್ತದೆ. ಕಾಕಾ ಎಲ್ಲವನ್ನೂ ಗಂಭೀರವಾಗಿ ಕೇಳಿದರು. ಫ್ರಿಜ್ಜಿನ ಬಗ್ಗೆ ಆಶ್ಚರ್ಯಪಡಲಿಲ್ಲ. ಒಂದೇ ಪ್ರಶ್ನೆ: "ಡಜನ್ ಅಂದ್ರ ಹನ್ನೆರಡೋ, ಹದಿಮೂರೋ?"

ಮೀನುಮರಿ ಕೊಳ್ಳುವಾಗಿನ ಕಾಕಾನನ್ನು ನೋಡದಿದ್ದರೆ ಈ ಚಿತ್ರ ಪೂರಾ ಆಗುವುದಿಲ್ಲ. ಕೃಷಿಭಾಗ್ಯ ಯೋಜನೆಯಲ್ಲಿ ನಮ್ಮ ಕಡೆ ಹೊಲದಲ್ಲಿ ಹೊಂಡ ತೋಡಿಸಿಕೊಂಡವರು ಬಹಳ. ನೀರು ನಿಂತರೆ ಕೆಲವರು ಕಾಟ್ಲಾ, ರೋಹು ಬಿಡುತ್ತಾರೆ. ಗೆಳೆಯರೊಬ್ಬರು ಮರಿ ತರಲು ಹೊರಟಾಗ ಕಾಕಾನನ್ನು ಲೆಕ್ಕಕ್ಕಿರಲಿ ಅಂತ ಕರೆದೊಯ್ದರು. ಮರಿ ಮಾರುವವರು ಸಾವಿರವನ್ನು ಒಂದೊಂದಾಗಿ ಎಣಿಸುತ್ತ ಕೂತರೆ ಸಂಜೆಯೊಳಗೆ ಅರ್ಧ ಸತ್ತಿರುತ್ತವೆ. ಅದಕ್ಕೆ ತೂತಿನ ಬಟ್ಟಲಿನಲ್ಲಿ ಒಮ್ಮೆ ಗೋರಿ, ಅದರಲ್ಲಿ ಎಷ್ಟು ಮರಿ ಎಂದು ಎಣಿಸುತ್ತಾರೆ. ಆಮೇಲೆ ಬಟ್ಟಲು ಎಣಿಸಿದರಾಯಿತು. ಪ್ಲಾಸ್ಟಿಕ್ ಚೀಲಕ್ಕೆ ನೀರು, ಮರಿ, ಆಕ್ಸಿಜನ್ ತುಂಬಿ ಬಿಗಿದು ಕೊಡುತ್ತಾರೆ.

ಕಾಕಾನ ಕಣ್ಣಿಗೆ ಇದರ ಮರ್ಮ ಅಲ್ಲೇ ಹೊಳೆಯಿತು. ಎಣಿಸುವ ಆ ಮೊದಲ ಬಟ್ಟಲು ತೆಳ್ಳಗೆ ಬಂದರೆ ಗಿರಾಕಿಗೆ ಲಾಭ, ಗಿಡಿದು ತುಂಬಿದರೆ ಮಾರುವವನಿಗೆ ಲಾಭ. "ಮೊದಲನೇದು ನಾ ಗೋರತೇನಿ" ಎಂದು ತೋಳೇರಿಸಿದರು. ನೀರೆಲ್ಲ ಸೋರಿದ ಮೇಲೆ ಬಟ್ಟಲಲ್ಲಿ ಉಳಿದದ್ದು ಬೆರಳೆಣಿಕೆಯ ಮರಿ. ಮಾರುವವನು ಇಂಥವರನ್ನು ಬಹಳ ಕಂಡವನು. "ಹಂಗಾದ್ರ ಉಳದದ್ದೂ ನೀವs ಗೋರ್ರಿ" ಅಂದ. ಕಾಕಾ ಮಧ್ಯಾಹ್ನದ ಬಿಸಿಲಲ್ಲಿ ಬಗ್ಗಿ, ಅಂಥದೇ ತೆಳ್ಳನೆಯ ಬಟ್ಟಲುಗಳನ್ನು ಗೋರಿ ಗೋರಿ ಸೊಂಟ ಹಿಡಿಸಿಕೊಂಡರು. ಲೆಕ್ಕ ಸರಿಯಾಗಿ ಸಾವಿರಕ್ಕೆ ಬಂದು ನಿಂತಿತು. ಅಷ್ಟು ಸರಿಯಾಗಿ ಬಂದದ್ದೇ ಅವರಿಗೆ ದೊಡ್ಡ ದುಃಖ.

ಇಂಥ ಹದ್ದಿನ ಕಣ್ಣಿನ ಮನುಷ್ಯ ತನ್ನ ಹೆಸರುಕಾಳನ್ನು ಪ್ಯಾಟಿಗೆ ಒಯ್ದಾಗ ಹೇಗಿರುತ್ತಾರೆ ಎಂಬುದನ್ನು ನಾನು ನೋಡಿದ್ದೇನೆ. ಅಡತಿ ಅಂಗಡಿಯ ಕಟ್ಟೆಯ ಮೇಲೆ ಟೊಪಿಗೆ ತೆಗೆದು ಕೂತಿರುತ್ತಾರೆ. ಸ್ಯಾಂಪಲ್ಲಿಗೆಂದು ಒಬ್ಬ ಬೊಗಸೆ ತೆಗೆಯುತ್ತಾನೆ, ಖರೀದಿದಾರನೊಬ್ಬ ಬಾಯಿಗೆ ಹಾಕಿಕೊಂಡು ಉಳಿದದ್ದನ್ನು ಜೇಬಿಗಿಳಿಸುತ್ತಾನೆ, ಚೀಲದ ಲೆಕ್ಕ, ತೇವದ ಲೆಕ್ಕ ಅಂತ ಕ್ವಿಂಟಲಿಗಿಷ್ಟು ಸೂಟು ಬೇರೆ ಹೋಗುತ್ತದೆ. ಹುಳದ ಪರಟೆಯ ಮುಂದೆ ಕಾಯ್ದೆ ಓದುವ ಕಾಕಾ ಅಲ್ಲಿ, "ಹೂಂ ಬಿಡ್ರಿ ಸಾಹುಕಾರ್ರ, ಹಾಕ್ರಿ ಹಾಕ್ರಿ" ಅನ್ನುತ್ತಾರೆ. ನಮ್ಮ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ದೇಶದ ಮೊದಲನೆಯದೆಂದು ಹೆಸರಾದ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದನ್ನು ಕಾಕಾ ಎಲ್ಲರೆದುರು ಎದೆ ಉಬ್ಬಿಸಿ ಹೇಳುತ್ತಾರೆ. ತಮ್ಮ ಚೀಲ ಕಾಟಾಕ್ಕೇರುವಾಗ ಮಾತ್ರ ಆ ಇತಿಹಾಸ ಬಾಯಿಗೆ ಬರುವುದಿಲ್ಲ. ಅಲ್ಲಿ ಕಿಲೋಗಟ್ಟಲೆ ಹೋದದ್ದನ್ನು ವಸೂಲು ಮಾಡಲು ಅವರಿಗೆ ಸಿಗುವವರು ಕಾಯಿಪಲ್ಲೆಯ ಅವ್ವಂದಿರು ಮತ್ತು ಈ ಇಬ್ಬರು ಹುಡುಗರು. ಹುಡುಗರು ಯಾರಿಂದ ವಸೂಲು ಮಾಡಬೇಕು? ಮಣ್ಣಿನಿಂದ.

ದೊಡ್ಡ ಹುಡುಗ ಆದರೂ ಬೇಗ ಕಲಿತ. ಗದುಗಿನ ಬಜಾರಿನಲ್ಲಿ ಹಳೆಯ ಅಂಗಡಿಯವರು ಸಕ್ಕರೆ ತೂಗುವುದನ್ನು ಎಲ್ಲಿಯೋ ನಿಂತು ನೋಡಿರಬೇಕು. ಜಾಣ ವ್ಯಾಪಾರಿ ಎಂದೂ ಮೊದಲೇ ಹೆಚ್ಚು ಸುರಿದು ಆಮೇಲೆ ತೆಗೆಯುವುದಿಲ್ಲ. ಕಡಿಮೆ ಹಾಕಿ, ಗಿರಾಕಿಯ ಕಣ್ಣೆದುರು ಇನ್ನಷ್ಟು, ಇನ್ನಷ್ಟು ಅಂತ ಉದುರಿಸುತ್ತಾನೆ. ತೂಕ ಎರಡೂ ಕಡೆ ಅಷ್ಟೇ, ಆದರೆ ಮೊದಲನೆಯವನು ಕಸಿದುಕೊಂಡ, ಎರಡನೆಯವನು ಕೊಟ್ಟ. ಈಗ ಹುಳದ ಬೆಲೆ ಬದಲಾಯಿತು: ಹತ್ತಕ್ಕೆ ಹದಿನಾರು. ಕಾಕಾ ಸಿಟ್ಟಿಗೇಳುವ ಮೊದಲೇ ಹುಡುಗ, "ನೀವು ಮನೀ ಗಿರಾಕಿ ಅಂತ ಮ್ಯಾಲ ನಾಕು" ಎಂದು ತಾನಾಗಿಯೇ ಹಾಕಿದ. ಎಲ್ಲಾ ಪಟ್ಟಿ ಇದ್ದವು, ಎಲ್ಲಾ ಹೊರಳುತ್ತಿದ್ದವು.

ಕಾಕಾ ಲಾಭದ ತಕರಾರು ಎತ್ತಲಿಲ್ಲ. ಕಡ್ಡಿ ಹಿಡಿದು ಮುಟ್ಟಿ ನೋಡಲೂ ಇಲ್ಲ. "ಈ ಹುಡುಗ ಮುಂದ ಬರ್ತಾನ ನೋಡ್ರಿ" ಎಂದು ಕಟ್ಟೆಯ ಮೇಲಿದ್ದವರಿಗೆಲ್ಲ ಸಾರಿದರು. ನಾಲ್ಕು ದಿನದಲ್ಲಿ ಹುಳಕ್ಕೆ ಹೊಸ ಗಿರಾಕಿಗಳಾದರು. ಊರಲ್ಲಿ ಗಾಳ ಹಾಕುವವರು ಇಷ್ಟು ಜನ ಇದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ. ಸಣ್ಣ ಹುಡುಗ ಮಾತ್ರ ಬೆರಳು ಮಡಚಿ ಲೆಕ್ಕ ಹಾಕಿ, "ಇಪ್ಪತ್ತs ಆತಲ್ಲೋ ಅಣ್ಣ" ಅಂದ. ಅಣ್ಣ ಅವನ ತಲೆಗೆ ಮೆಲ್ಲಗೆ ಮೊಟಕಿದ.

ಆ ಸಲ ಹೊಳೆಯಲ್ಲಿ ಕಾಕಾನಿಗೆ ಮೀನು ಬೀಳಲಿಲ್ಲ. ಅಳಿಯನ ಮನೆಗೆ ಬರಿಗೈಯಲ್ಲಿ ಹೋಗುವುದು ಹೇಗೆ? ದಂಡೆಯ ಮೇಲೆ ಬುಟ್ಟಿ ಇಟ್ಟುಕೊಂಡು ಕೂತವನ ಹತ್ತಿರ ಒಂದು ಕಿಲೋ ತೂಗಿಸಿ, ರೊಕ್ಕ ಎಣಿಸಿ ಕೊಟ್ಟು, "ಮ್ಯಾಲೊಂದು?" ಎಂದರು. ಅವನು ತಲೆ ಎತ್ತದೆ, "ಆ ಡಬ್ಬ್ಯಾಗ ಏನೈತ್ರೀ ಯಜಮಾನ್ರ?" ಎಂದ. ಹುಳ ಎಂದು ತಿಳಿದ ಮೇಲೆ, "ಹತ್ತು ಹುಳ ಇಲ್ಲಿ ಹಾಕ್ರಿ, ಮ್ಯಾಲೊಂದು ಮೀನ ಒಯ್ರಿ" ಎಂದು ಪರಟೆ ಚಾಚಿದ.

ಕಾಕಾ ಕುಕ್ಕರಗಾಲಲ್ಲಿ ಕೂತು ಮುಚ್ಚಳ ತೆಗೆದರು. ಎಲ್ಲಕ್ಕಿಂತ ಸಣ್ಣ ಹುಳವನ್ನು ಹುಡುಕಿ, ಬಾಲ ಹಿಡಿದೆತ್ತಿ, ಪರಟೆಯಲ್ಲಿ ಬಿಟ್ಟು, ಗಟ್ಟಿಯಾಗಿ ಎಣಿಸತೊಡಗಿದರು.

"ಲಾಭ, ಎರಡು, ಮೂರು..."