ಕಟ್ಟೆಯ ಅರ್ಥಧಾರಿ

ತಾಳಮದ್ದಳೆಯಲ್ಲಿ ಕೂತು ಅರ್ಥ ಹೇಳುವವನು ಅರ್ಥಧಾರಿ. ಅವನು ಹೇಳಿದ ಅರ್ಥಕ್ಕೆ ಮರುದಿನ ಅರ್ಥ ಹೇಳುವವನು ಕಟ್ಟೆಯ ಅರ್ಥಧಾರಿ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಅಡಿಕೆ ಬೆಳೆಯುವ ಕಡೆಯೆಲ್ಲ ಈತನೂ ಬೆಳೆಯುತ್ತಾನೆ. ಅಡ್ಡಗದ್ದೆಯ ಸುತ್ತ ಫಸಲು ಚೆನ್ನಾಗಿದೆ. ಒಂಟಿಯಾಗಿ ಕಾಣಸಿಗುವುದು ಅಪರೂಪ. ಮೂರರಿಂದ ಐದು ಜನರ ಗುಂಪು, ಹೆಗಲಿಗೆ ಬೈರಾಸು, ಬಾಯಲ್ಲಿ ಕವಳ. ಕವಳ ಇರುವಷ್ಟು ಹೊತ್ತು ಇನ್ನೊಬ್ಬರ ಮಾತು ಕೇಳುತ್ತಾನೆ.

ಈತನನ್ನು ತಿಳಿಯಲು ಮೊದಲು ತಾಳಮದ್ದಳೆ ತಿಳಿಯಬೇಕು. ಯಕ್ಷಗಾನದಿಂದ ವೇಷ, ಕುಣಿತ, ರಂಗಸ್ಥಳ ಮೂರನ್ನೂ ಕಳೆದರೆ ಉಳಿಯುವುದು ತಾಳಮದ್ದಳೆ. ಭಾಗವತ ಪದ್ಯ ಹೇಳುತ್ತಾನೆ. ಎದುರುಬದುರು ಕೂತ ಇಬ್ಬರು, ಒಬ್ಬ ವಾಲಿಯಾಗಿ, ಒಬ್ಬ ರಾಮನಾಗಿ, ಬರೆದಿಟ್ಟ ಮಾತಿಲ್ಲದೆ ವಾದಕ್ಕೆ ಇಳಿಯುತ್ತಾರೆ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಧರ್ಮವೋ ಅಧರ್ಮವೋ ಎಂದು ಬೆಳಗಿನ ಜಾವದವರೆಗೂ ಜಗ್ಗಾಟ ನಡೆಯಬಹುದು. ವಾದದಲ್ಲಿ ವಾಲಿ ಗೆದ್ದರೂ ಪ್ರಸಂಗದಲ್ಲಿ ಸಾಯಲೇಬೇಕು, ಪದ್ಯ ಹಾಗಿದೆ. ಸಾಯುವುದು ಗೊತ್ತಿದ್ದೂ ಸೋಲದಿರುವುದೇ ಆಟದ ಸ್ವಾರಸ್ಯ. ಮೇ ಕೊನೆಗೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಮಳೆ ಹಿಡಿಯುತ್ತದೆ, ಕೊಳೆರೋಗಕ್ಕೆ ಮೈಲುತುತ್ತ ಹೊಡೆಯಲು ಕೊನೆಗೌಡ ಹೊಳವಿಗಾಗಿ ಕಾಯುತ್ತಾನೆ. ಆ ಬಿಡುವಿನಲ್ಲಿ ಮನೆಯ ಜಗಲಿಯ ಮೇಲೆ ಕೂಟ ಏಳುತ್ತದೆ.

ಕೂಟದಲ್ಲಿ ಕಟ್ಟೆಯ ಅರ್ಥಧಾರಿಯ ಜಾಗ ಕಂಬದ ಪಕ್ಕ. ಅಲ್ಲಿ ಒರಗಲು ಅನುಕೂಲ, ನಿದ್ದೆ ಬಂದರೆ ಧ್ಯಾನವೆಂದು ತೋರಿಸಿಕೊಳ್ಳಲೂ ಅನುಕೂಲ. ಮೆಚ್ಚುಗೆಯಾದರೆ ಸುಮ್ಮನಿರುತ್ತಾನೆ. ಆಗದಿದ್ದರೆ ಕೆಮ್ಮುತ್ತಾನೆ. ಈತನ ಒಲವು ಯಾವಾಗಲೂ ಸೋಲುವ ಪಕ್ಷಕ್ಕೆ: ವಾಲಿ, ಕರ್ಣ, ಕೌರವ, ಮಾಗಧ. ರಾಮನ ಕಡೆಯ ವಾದವನ್ನು ದೇವರೇ ನೋಡಿಕೊಳ್ಳುತ್ತಾನೆ ಎಂಬುದು ಸಮರ್ಥನೆ. ಕಲಾವಿದರನ್ನು ಅಳೆಯಲು ಈತನ ಬಳಿ ಇರುವುದು ಅಡಿಕೆ ಮಂಡಿಯ ಮಾಪು. ಹಳಬರೆಲ್ಲ ಸರಕು. ಈಗಿನವರಲ್ಲಿ ಒಬ್ಬಿಬ್ಬರು ಬೆಟ್ಟೆ, ಮಿಕ್ಕವರು ರಾಶಿ. ಟಿ.ವಿ.ಯಲ್ಲಿ ಬರುವವರು ಗೊರಬಲು.

ಸರಕಿನ ಪೈಕಿ ಶೇಣಿ ಗೋಪಾಲಕೃಷ್ಣ ಭಟ್ಟರು ಒಬ್ಬರಾದರೆ ಮಲ್ಪೆಯ ಸಾಮಗ ಸಹೋದರರು ಇನ್ನೊಂದು ಕಡೆ; ಗೆಳೆಯರ ಗುಂಪು ಇಲ್ಲಿಯೇ ಎರಡಾಗುತ್ತದೆ. ಶೇಣಿಯವರು ತೀರಿಕೊಂಡದ್ದು 2006ರಲ್ಲಿ. ಅಡ್ಡಗದ್ದೆಯ ಚರ್ಚೆಯಲ್ಲಿ ಅವರಿಗಿನ್ನೂ ವರ್ತಮಾನಕಾಲ: ‘ಶೇಣಿ ಹಾಗೆ ಹೇಳುವುದಿಲ್ಲ, ಗೊತ್ತುಂಟಾ?’ ಅರ್ಥಧಾರಿ ಕುಂಬ್ಳೆ ಸುಂದರರಾಯರು 1994ರಲ್ಲಿ ಸುರತ್ಕಲ್ಲಿನಿಂದ ಶಾಸಕರಾದದ್ದನ್ನು ಈತ ಬಡ್ತಿಯೆಂದು ಒಪ್ಪುವುದಿಲ್ಲ. ಅಲ್ಲಿ ಪೀಠಿಕೆ ಹಾಕಲು ಸಭಾಧ್ಯಕ್ಷರು ಸಮಯ ಕೊಡುವುದಿಲ್ಲವಂತೆ. ಮನೆಯಲ್ಲಿ ಹಳೆಯ ಕ್ಯಾಸೆಟ್ಟುಗಳ ಒಂದು ಟ್ರಂಕು ಇರುತ್ತದೆ. ಮಳೆಗಾಲದ ಬೂಷ್ಟು ಹಿಡಿದು ಕೌರವ ನೀರಿನೊಳಗಿನಿಂದ ಮಾತಾಡಿದಂತೆ ಕೇಳಿಸುತ್ತದೆ. ಗದಾಪರ್ವಕ್ಕೆ ಅದು ಹೊಂದುತ್ತದೆ.

ಈ ಜಾತಿಯಲ್ಲೇ ಚಿತ್ರಕಥೆಯದೊಂದು ಒಳಪಂಗಡವಿದೆ. ಬಾಲ್ಯದ ಚಂದಮಾಮ, ಬಾಲಮಂಗಳ, ಇಂದ್ರಜಾಲ ಕಾಮಿಕ್ಸ್, ಅಮರ ಚಿತ್ರಕಥೆಗಳನ್ನು ಈತ ಅಡುಗೆಮನೆಯ ಅಟ್ಟದ ಮೇಲೆ, ಒಲೆಯ ಹೊಗೆ ತಾಗುವಲ್ಲಿ ಇಟ್ಟು ಕಾಪಾಡಿರುತ್ತಾನೆ. ಹಾಗಾಗಿ ಮಲೆನಾಡಿನ ಫ್ಯಾಂಟಮ್‌ಗೆ ಬಾಳಕದ ಮೆಣಸಿನ ಪರಿಮಳ. 1967ರಲ್ಲಿ ಅಮರ ಚಿತ್ರಕಥೆ ಹುಟ್ಟುಹಾಕಿದ ಅನಂತ ಪೈ ಕಾರ್ಕಳದವರು; ಘಟ್ಟ ಇಳಿದರೆ ಸಿಗುವ ಊರಿನವರಾದ್ದರಿಂದ ಅವರ ತಪ್ಪುಗಳನ್ನು ಈತ ಮನೆಯವರ ತಪ್ಪಿನಂತೆ ಎತ್ತಿ ಆಡುತ್ತಾನೆ. ದೊಡ್ಡ ತಕರಾರು ಕರ್ಣನ ತಲೆಯದು: ಮುಂಡಾಸು ಇಲ್ಲ, ಬರೀ ಕಿರೀಟ! ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಫ್ಯಾಂಟಮ್ ಬಗ್ಗೆ ಮಾತ್ರ ಗೌರವವಿದೆ. ಅಪ್ಪನಿಂದ ಮಗನಿಗೆ 21 ತಲೆಮಾರು ಒಂದೇ ವೇಷ ದಾಟಿ ಬಂದಿದೆ. ಕೆರೆಮನೆ ಮೇಳ ಅಜ್ಜನಿಂದ ಮೊಮ್ಮಗನ ಕೈಗೆ ಬಂದದ್ದನ್ನು ಕಂಡವನಿಗೆ ಇದು ಅರ್ಥವಾಗುವ ವ್ಯವಹಾರ. ‘ಇಲಿಯಾದರೂ ಡಿಂಗನೇ ಮೇಲು’ ಎನ್ನುವ ಬಾಲಮಂಗಳದ ಪಕ್ಷ ಕಿರಿಯರದು. ಅವರಿಗೆ ಹಲಸಿನ ಹಪ್ಪಳ ಕೊನೆಯಲ್ಲಿ ಸಿಗುತ್ತದೆ.

ಈ ವ್ಯವಸ್ಥೆಗೆ ಇತ್ತೀಚೆಗೆ ಧಕ್ಕೆ ತಂದವನು ಬೆಂಗಳೂರಿನಿಂದ ಮಳೆಗಾಲದ ರಜೆಗೆ ಬರುವ ಸೋದರಳಿಯ. ಲ್ಯಾಪ್‌ಟಾಪಿನ ಚೀಲದಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಪುಸ್ತಕ, 20 ಮುಖದ ದಾಳ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ಈ ಆಟದಲ್ಲಿ ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸುತ್ತಾರೆ. ಡಂಜನ್ ಮಾಸ್ಟರ್ ಎಂಬಾತ ಕಥೆ ನಡೆಸುತ್ತಾನೆ. ಹೊಡೆದ ಏಟು ತಾಗಿತೋ ಇಲ್ಲವೋ ದಾಳ ಹೇಳುತ್ತದೆ. ಭಾಗವತ, ಮುಮ್ಮೇಳ ಎಂಬಲ್ಲಿಯವರೆಗೆ ಕಟ್ಟೆಯ ಅರ್ಥಧಾರಿಗೆ ಎಲ್ಲ ತಿಳಿಯುತ್ತದೆ. ದಾಳ ಬಂದೊಡನೆ ಕೆಮ್ಮು ಶುರು.

‘ಅಲ್ಲ ಮಾಣಿ, ಭೀಷ್ಮ ದಾಳ ಹಾಕಿ ಪ್ರತಿಜ್ಞೆ ಮಾಡಿದ್ನಾ?’

‘ಮಾವ, ಇದು ರೂಲ್ಸು.’

‘ದಾಳದ ರೂಲ್ಸು ಶಕುನಿಗೆ ಗೊತ್ತಿತ್ತು. ಆಮೇಲೆ ಎಂತ ಆಯ್ತು ಅಂತ ಊರಿಗೆಲ್ಲ ಗೊತ್ತು.’

ಆದರೂ ಹೊರಗೆ ಮಳೆ, ಒಳಗೆ ಕಷಾಯ, ಎದ್ದು ಹೋಗಲು ಕಾರಣವಿಲ್ಲ. ಆಟ ಶುರುವಾಗುತ್ತದೆ. ಸೇತುವೆಗೆ ಗಾಬ್ಲಿನ್ ಎಂಬ ಕುಳ್ಳ ರಾಕ್ಷಸ ಅಡ್ಡ ನಿಂತಿದ್ದಾನೆ, ಏನು ಮಾಡುತ್ತೀರಿ ಎಂದು ಹುಡುಗ ಕೇಳುತ್ತಾನೆ. ಬೆಂಗಳೂರಿನವರು ಕತ್ತಿ ಬೀಸುವುದು ಇಲ್ಲಿಯೇ. ಅಡ್ಡಗದ್ದೆಯ ವೀರ ಪೀಠಿಕೆ ಹಾಕುತ್ತಾನೆ: ತಾನು ಯಾವ ವಂಶ, ಯಾವ ಗುರುವಿನಲ್ಲಿ ಬಿಲ್ಲು ಕಲಿತದ್ದು, ಈ ಸೇತುವೆಗೆ ಬರುವ ಮೊದಲು ಮನಸ್ಸಿನಲ್ಲಿ ಎಷ್ಟು ಹೊಯ್ದಾಟವಿತ್ತು. ನಲವತ್ತು ನಿಮಿಷ. ಮುಗಿಯುವ ಮೊದಲೇ ಎದುರು ಕೂತ ಗೆಳೆಯ, ಯಾರೂ ಕೇಳದಿದ್ದರೂ, ಗಾಬ್ಲಿನ್‌ನ ಅರ್ಥ ಎತ್ತಿಕೊಳ್ಳುತ್ತಾನೆ. ಸೇತುವೆ ಕಟ್ಟುವ ಮುಂಚೆ ಈ ಹೊಳೆ ಯಾರದು? ದಾಟಲು ಅನುಮತಿ ಕೇಳಿದವರು ಯಾರು? ಕಾಡಿನವನ ಮನೆಬಾಗಿಲಿಗೆ ಆಯುಧ ಹಿಡಿದು ಬರುವುದು ಕ್ಷತ್ರಿಯ ಧರ್ಮವೋ? ಗುಂಪಿನ ಅನುಕಂಪ ವಾಲಿಯ ಕಡೆಗೆ ವಾಲಿದಂತೆ ಇತ್ತಲೂ ವಾಲುತ್ತದೆ. ರಾತ್ರಿ ಹನ್ನೊಂದಕ್ಕೆ ಗಾಬ್ಲಿನ್ ವಾದದಲ್ಲಿ ಗೆದ್ದಿರುತ್ತಾನೆ. ದಾಳ ಇನ್ನೂ ಉರುಳಿಲ್ಲ. ಹುಡುಗ ಕೈಮುಗಿದು ಉರುಳಿಸಿ ಎಂದರೆ, ಮೊದಲು ಪದ್ಯ ಹೇಳು ಎನ್ನುತ್ತಾರೆ.

ಇಂಥ ಒಂದು ಕೂಟದಲ್ಲಿ ಕೊನೆಗೂ ದಾಳ ಉರುಳಿದಾಗ ಕರೆಂಟು ಹೋಗಿತ್ತು. ಅದು ಜಗಲಿ ದಾಟಿ, ದರ ಏರಲಿ ಎಂದು ಕೂಡಿಟ್ಟಿದ್ದ ಅಡಿಕೆ ಚೀಲಗಳ ಕಡೆಗೆ ಹೋದ ಸದ್ದು ಎಲ್ಲರಿಗೂ ಕೇಳಿಸಿತು. ಬ್ಯಾಟರಿ ಹಾಕಿ ಹುಡುಕಿದರೂ ಸಿಗಲಿಲ್ಲ. ಎಷ್ಟು ಬಿತ್ತೆಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಅಡಿಕೆ ಮಾತ್ರ ರಾಶಿಯ ದರಕ್ಕೆ ಶಿವಮೊಗ್ಗದ ಮಂಡಿಯಲ್ಲಿ ಮಾರಿಹೋಯಿತು.