ಎನ್‌ಜಿಇಎಫ್ ಗೇಟಿನ ಬೀಗಕ್ಕೆ ಅಭಿನಂದನಾ ಭಾಷಣ

ವೇದಿಕೆಯ ಮೇಲಿರುವ ಗಣ್ಯರೇ, ವೇದಿಕೆ ಹತ್ತಲು ಮೆಟ್ಟಿಲ ಬಳಿ ನಿಂತಿರುವ ಗಣ್ಯರೇ, ಉಪ್ಪಿಟ್ಟು-ಕೇಸರಿಬಾತ್ ಎಷ್ಟು ಹೊತ್ತಿಗೆ ಎಂದು ಹಿಂದಿನ ಸಾಲಿನಲ್ಲಿ ಪಿಸುಗುಟ್ಟುತ್ತಿರುವ ಬಂಧುಗಳೇ, ಹಾಗೂ ಇಂದಿನ ಸನ್ಮಾನಿತರಾಗಿ ಸರಪಳಿಯಲ್ಲಿ ನೇತಾಡುತ್ತಿರುವ ಮಾನ್ಯ ಬೀಗದವರೇ,

ಸ್ವಂತ ಬೀಗರನ್ನೂ ನಾವು ಇಷ್ಟು ಆದರದಿಂದ ಕರೆದದ್ದಿಲ್ಲ. ಬೈಯಪ್ಪನಹಳ್ಳಿಯ ಈ ಕಾರ್ಖಾನೆ 2002ರಲ್ಲಿ ಮುಚ್ಚಿದ ಮೇಲೆ ಎಷ್ಟು ಸರ್ಕಾರಗಳು ಬಂದವು, ಎಷ್ಟು ಸಚಿವರು ಬಂದು ನೋಡಿ, ಫೋಟೋ ತೆಗೆಸಿಕೊಂಡು ಹೋದರು! ಸ್ಥಾನ ಬಿಟ್ಟು ಕದಲದವರು ತಾವೊಬ್ಬರೇ. ತಮ್ಮ ಮೇಲೆ ಒಂದು ಪಕ್ಷಾಂತರದ ಆರೋಪವೂ ಇಲ್ಲ.

ಇತಿಹಾಸ ಹೇಳದೆ ಸನ್ಮಾನ ಮಾಡಿದರೆ ಶಾಲು ಕೋಪ ಮಾಡಿಕೊಳ್ಳುತ್ತದೆ, ಆದ್ದರಿಂದ ಎರಡು ಮಾತು. ಜರ್ಮನಿಯ ಎಇಜಿ ಕಂಪನಿಯ ಸಹಯೋಗದಲ್ಲಿ ಬೆಳೆದ ರಾಜ್ಯ ಸರ್ಕಾರದ ಈ ಕಾರ್ಖಾನೆ ಟ್ರಾನ್ಸ್‌ಫಾರ್ಮರ್, ಮೋಟಾರು, ಸ್ವಿಚ್‌ಗೇರ್ ಮಾಡುತ್ತಿತ್ತು. ಹಳೆಯ ಹಿಟ್ಟಿನ ಗಿರಣಿಗೆ ಹೋದಾಗ ಮೋಟಾರಿನ ಮೈಮೇಲೆ ಬೆರಳಾಡಿಸಿ ನೋಡಿ. ರಾಗಿ ಹಿಟ್ಟಿನ ಧೂಳು ಒರೆಸಿದರೆ ಅಡಿಯಲ್ಲಿ ಎನ್‌ಜಿಇಎಫ್ ಎಂಬ ಅಕ್ಷರಗಳು ಸಿಕ್ಕಿದರೂ ಸಿಕ್ಕಾವು. ತಾಯಿ ಕಣ್ಣುಮುಚ್ಚಿ ಇಪ್ಪತ್ತು ವರ್ಷ ದಾಟಿದೆ. ಮಗು ಇನ್ನೂ ಹಿಟ್ಟು ಬೀಸುತ್ತಿದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ತಮ್ಮ ಸಾಧನೆ ಏನೆಂದು ಕೇಳುವವರಿದ್ದಾರೆ. ಅವರು ದಯವಿಟ್ಟು ಮಲ್ಲೇಶ್ವರದ ಸಂಪಿಗೆ ರಸ್ತೆಗೆ ಹೋಗಿ ಬರಲಿ. ರಾಜಾ ಮಿಲ್ ಇದ್ದ ಜಾಗದಲ್ಲಿ 2010ರಲ್ಲಿ ಮಂತ್ರಿ ಸ್ಕ್ವೇರ್ ಮಾಲ್ ಎದ್ದು ನಿಂತಿತು. ಬಟ್ಟೆ ನೇಯುತ್ತಿದ್ದ ಜಾಗದಲ್ಲೇ ಬಟ್ಟೆ ಮಾರುತ್ತಾರಲ್ಲ, ಪರಂಪರೆ ಉಳಿಯಿತು ಎಂದು ಸಮಾಧಾನಪಟ್ಟುಕೊಳ್ಳೋಣ. ಬಿನ್ನಿ ಮಿಲ್ಲಿನ ನೆಲದಲ್ಲಿ ಅಪಾರ್ಟ್‌ಮೆಂಟುಗಳು ಎದ್ದಿವೆ. ಅಲ್ಲೆಲ್ಲ ಬೀಗಗಳು ಬೇಗ ಸೋತವು, ಕೆಲಸ ಚುರುಕಾಗಿ ನಡೆಯಿತು. ಇಲ್ಲಿ ಮಾತ್ರ ಕೋರ್ಟು, ಸಾಲಗಾರರು, ಕಡತಗಳು, ನಾಳೆ ನೋಡೋಣ ಎನ್ನುವ ನಮ್ಮ ನಾಡಿನ ಮಹಾಮಂತ್ರ, ಎಲ್ಲವೂ ತಮ್ಮ ಬೆನ್ನಿಗೆ ನಿಂತವು. ಅಷ್ಟರಲ್ಲಿ ಒಳಗೆ ಏನಾಯಿತು? ಗೋಡೆಯ ಬಿರುಕಿನಲ್ಲಿ ಅರಳಿ ಚಿಗುರಿತು. ಅಂಗಳದ ಗಿಡ ಶೆಡ್ಡಿನ ತಗಡಿನೆತ್ತರ ಬೆಳೆಯಿತು. ಟೆಂಡರ್ ಇಲ್ಲ, ಗುತ್ತಿಗೆದಾರರಿಲ್ಲ, ಸಸಿ ನೆಡುವ ಕಾರ್ಯಕ್ರಮದ ಬ್ಯಾನರ್ ಕೂಡ ಇಲ್ಲ. ಕಾಡು ತನ್ನಷ್ಟಕ್ಕೆ ತಾನು ಬಂದು ಕೂತಿತು.

ಆಮೇಲೆ ಸರ್ಕಾರ ಪ್ರಕಟಿಸಿತು: ಇಲ್ಲಿ 65 ಎಕರೆಯಲ್ಲಿ ಟ್ರೀ ಪಾರ್ಕ್ ಮಾಡುತ್ತೇವೆ! ಮರಗಳಿಗೆ ಇದನ್ನು ಕೇಳಿ ಎಷ್ಟು ಆಶ್ಚರ್ಯವಾಗಿರಬೇಡ. ಆದರೂ ನಾನು ವ್ಯಂಗ್ಯ ಬಿಟ್ಟು ಒಂದು ನಿಮಿಷ ಹೇಳುತ್ತೇನೆ, ಇದು ಒಳ್ಳೆಯ ತೀರ್ಮಾನ. ಆ ನೆಲದ ಬೆಲೆ ಏನೆಂದು ಗೊತ್ತಿದ್ದೂ ಅಲ್ಲಿ ಗಾಳಿಗೆ ಜಾಗ ಬಿಡುತ್ತೇನೆ ಎಂದವರಿಗೆ ಒಂದು ಹಾರ ಸಲ್ಲಬೇಕು. ಹಾರ ಸಣ್ಣದಿರಲಿ, ಕೆಲಸ ಮುಗಿದ ಮೇಲೆ ದೊಡ್ಡದು ತರಿಸೋಣ.

ಬೀಗದವರ ಮೇಲೆ ನನಗೆ ಒಂದು ತಕರಾರೂ ಇದೆ. ತಾವು ಊರಿನವರಿಗೆ ತೆರೆಯಲಿಲ್ಲ, ಸಿನಿಮಾದ ಖಳನಾಯಕರಿಗೆ ಮಾತ್ರ ತೆರೆದಿರಿ. ಎಷ್ಟು ಕನ್ನಡ ಚಿತ್ರಗಳಲ್ಲಿ ನಾಯಕ ಇದೇ ಶೆಡ್ಡುಗಳೊಳಗೆ ನುಗ್ಗಿ ಹತ್ತಿಪ್ಪತ್ತು ಜನರನ್ನು ಡ್ರಮ್ಮುಗಳ ಮೇಲೆ ಎಸೆದಿಲ್ಲ! ಟ್ರಾನ್ಸ್‌ಫಾರ್ಮರ್ ನಿಂತ ಮೇಲೆ ಇಲ್ಲಿ ಹಾರಿದ ಕಿಡಿಯೆಲ್ಲ ಸ್ಟಂಟ್ ಮಾಸ್ಟರ್ ಹಾರಿಸಿದ್ದು. ಕೆಲಸಗಾರ ಕರಿ ಕೈ ತೊಳೆದುಕೊಂಡು ಹೊರಬರುತ್ತಿದ್ದ ಬಾಗಿಲಲ್ಲಿ ಈಗ ನಕಲಿ ರಕ್ತ ತೊಳೆದುಕೊಂಡವರು ಬರುತ್ತಾರೆ.

ಕಾರ್ಖಾನೆಯ ನೆಲ ಲಾಲ್‌ಬಾಗಿನ ನೆಲದಂತಲ್ಲ ಎಂಬುದನ್ನೂ ಸಭೆಯ ಗಮನಕ್ಕೆ ತರಬೇಕು. ವರ್ಷಗಟ್ಟಲೆ ಎಣ್ಣೆ, ಬಣ್ಣ, ಲೋಹದ ಪುಡಿ ಬಿದ್ದ ಮಣ್ಣಿನಲ್ಲಿ ಮಕ್ಕಳ ಜಾರುಬಂಡೆ ಹಾಕುವ ಮೊದಲು ಆ ಮಣ್ಣನ್ನು ಲ್ಯಾಬಿಗೆ ಕಳಿಸಬೇಕಾಗುತ್ತದೆ. ಉದ್ಘಾಟನೆಯ ಕಲ್ಲಿಗೆ ಗ್ರಾನೈಟ್ ಆರಿಸುವಾಗ ತೋರುವ ಶ್ರದ್ಧೆಯಲ್ಲಿ ಅರ್ಧ ಸಾಕು. ಆ ಶ್ರದ್ಧೆ ತೋರದಿದ್ದರೆ ಏನಾಗುತ್ತದೆಂದು ತಿಳಿಯಲು ಕೋಲಾರದತ್ತ ನೋಡಿ. ಅಲ್ಲಿನ ಚಿನ್ನದ ಗಣಿಯನ್ನು 2001ರಲ್ಲಿ ಮುಚ್ಚಿದೆವು. ಚಿನ್ನ ತೆಗೆದ ಮೇಲೆ ಉಳಿದ ಸಯನೈಡ್ ದಿಬ್ಬಗಳು ಅಲ್ಲೇ ಕೂತಿವೆ. ಗಾಳಿ ಬೀಸಿದಾಗ ಕೆಜಿಎಫ್ ಜನರ ಮನೆಯೊಳಗೆ ಧೂಳಾಗಿ ಬರುತ್ತವೆ. ಆ ಊರಿನವರು ಕೂಲಿನಾಲಿಗೆಂದು ದಿನವೂ ಬೆಳಗಿನ ಜಾವ ರೈಲು ಹತ್ತಿ ಬೆಂಗಳೂರಿಗೆ ಬರುತ್ತಾರೆ. ಆ ರೈಲು ಹಾಯುವುದೂ ಇದೇ ಬೈಯಪ್ಪನಹಳ್ಳಿಯ ಮೇಲೆ. ಮುಚ್ಚಿದ ಗಣಿಯ ಮಕ್ಕಳು ಮುಚ್ಚಿದ ಕಾರ್ಖಾನೆಯ ಮಗ್ಗುಲಲ್ಲೇ ಹಾದು ಕೆಲಸ ಹುಡುಕಿಕೊಂಡು ಹೋಗುವಾಗ ನಾವು ಇಲ್ಲಿ ಮೈಕ್ ಪರೀಕ್ಷೆ ಮಾಡುತ್ತಿದ್ದೇವೆ.

ಆಹ್ವಾನ ಪತ್ರಿಕೆಯಲ್ಲಿ ಹಳೆಯ ನೌಕರರ ಹೆಸರಿಲ್ಲವೆಂದು ಯಾರೋ ಚೀಟಿ ಕಳಿಸಿದ್ದಾರೆ. ಪತ್ರಿಕೆಯ ಹಿಂಬದಿ ಜಾಹೀರಾತಿಗೆ ಹೋಯಿತು, ಕ್ಷಮಿಸಬೇಕು. ನನ್ನದೊಂದು ಸೂಚನೆ ಇದೆ. ಒಂದು ಶೆಡ್ಡನ್ನಾದರೂ ಇದ್ದ ಹಾಗೇ ಉಳಿಸಿ, ಮೋಟಾರಿನ ಸುರುಳಿ ಸುತ್ತಬಲ್ಲ ಅಜ್ಜಂದಿರನ್ನು ಅಲ್ಲಿ ಕೂರಿಸಿ, ಐಟಿಐ ಮಕ್ಕಳನ್ನು ಅವರ ಎದುರು ಬಿಡಿ. ಫುಡ್ ಕೋರ್ಟ್ ಆಮೇಲೆ ಬಂದೇ ಬರುತ್ತದೆ, ಅದನ್ನು ತಡೆಯಲು ಯಾರಿಂದಲೂ ಆಗದು.

ಮಾನ್ಯ ಬೀಗದವರು ಪಾರ್ಕ್ ಬಂದ ಮೇಲೆ ತಮ್ಮ ಗತಿಯೇನೆಂದು ಕಳವಳಪಡಬಾರದು. ಬೆಂಗಳೂರಿನ ಪಾರ್ಕುಗಳಿಗೆ ಬೆಳಗಿನ ವಾಕಿಂಗ್ ಮುಗಿಯುತ್ತಲೇ ಬೀಗ ಜಡಿದು, ನೆರಳು ಬೇಕಾದ ನಡುಮಧ್ಯಾಹ್ನ ಜನರನ್ನು ಹೊರಗೆ ನಿಲ್ಲಿಸುತ್ತಿದ್ದ ಕಾಲವನ್ನು ನಾವೆಲ್ಲ ಕಂಡಿದ್ದೇವೆ. ತಮ್ಮಂಥ ಅನುಭವಿಗಳನ್ನು ಇಲಾಖೆ ಕೈಬಿಡುವುದುಂಟೇ? ಶಾಲು ಹೊದಿಸುವವರು ಮುಂದೆ ಬನ್ನಿ. ಮೈಸೂರು ಪೇಟ ಸ್ವಲ್ಪ ದೊಡ್ಡದಾಯಿತು, ಸರಪಳಿಗೂ ಸೇರಿಸಿ ಸುತ್ತಿಬಿಡಿ.